ಕೋಡ್ಲಾ ಸೀಮೆಯ ನೆರಳು: ಒಂದು ಸಮಗ್ರ, ತೌಲನಿಕ ಹಾಗೂ ವಿಮರ್ಶಾತ್ಮಕ ಅಧ್ಯಯನ

1. ಪೀಠಿಕೆ, ವ್ಯಾಪ್ತಿ ಮತ್ತು ಮಿತಿ

ಕಲಬುರಗಿಯ ಬಿಸಿಲಿನ ಬಗ್ಗೆ ಬರೆಯದ ಕವಿಯಿಲ್ಲ, ಇಲ್ಲಿಗೆ ವರ್ಗವಾಗಿ ಬಂದು ಅದನ್ನು ಬೈಯದ ಅಧಿಕಾರಿಯಿಲ್ಲ. ಆದರೆ ಆ ಬಿಸಿಲಿನ ಉಪ ಉತ್ಪನ್ನವಾದ ನೆರಳಿನ ಬಗ್ಗೆ ಯಾವ ವಿಶ್ವವಿದ್ಯಾಲಯವೂ ಪೀಠ ಸ್ಥಾಪಿಸದಿರುವುದು ವಿದ್ವತ್ ಲೋಕಕ್ಕೆ ಅಂಟಿದ ಕಳಂಕವೆಂದೇ ಹೇಳಬೇಕು. ಆ ಕಳಂಕ ತೊಳೆಯಲು ಪ್ರಸ್ತುತ ಸಂಶೋಧಕ ಟೊಂಕ ಕಟ್ಟಿದ್ದಾನೆ.

ವ್ಯಾಪ್ತಿ: ಸೇಡಂ ತಾಲ್ಲೂಕಿನ ಕೋಡ್ಲಾ ಕೇಂದ್ರವಾಗಿ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ಒಳಗೊಂಡ ಸೀಮೆ. ಮಿತಿ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸಂಶೋಧಕ ಬೇವಿನ ಗಿಡದ ಕಟ್ಟೆ ಬಿಟ್ಟು ಕದಲಿಲ್ಲ. ಇದನ್ನು ಆಕ್ಷೇಪಿಸುವವರು, ಸಂಶೋಧಕ ತನ್ನ ವಿಷಯದೊಳಗೆ ಇಷ್ಟು ಆಳವಾಗಿ ಕೂತ ಇನ್ನೊಂದು ಪ್ರಬಂಧ ತೋರಿಸಲಿ.

ಪ್ರಾಕ್ಕಲ್ಪನೆ: ಈ ಸೀಮೆಯಲ್ಲಿ ನೆರಳು ಬೀಳುವುದು ಸೂರ್ಯ ಇರುವ ದಿಕ್ಕನ್ನು ನೋಡಿಕೊಂಡಲ್ಲ, ಮನುಷ್ಯನ ಹುದ್ದೆ ನೋಡಿಕೊಂಡು.

2. ಪೂರ್ವಸೂರಿಗಳ ಸಮೀಕ್ಷೆ

ನೆರಳು ಕಸಿಯಬಹುದಾದ ಸ್ವತ್ತು ಎಂಬುದನ್ನು ಮೊದಲು ಕಂಡುಕೊಂಡವರು ರಾಷ್ಟ್ರಕೂಟರು. ಎಂಟನೆಯ ಶತಮಾನದ ಕೊನೆಗೆ ಧ್ರುವರಾಜ ಉತ್ತರಕ್ಕೆ ದಂಡೆತ್ತಿ ಹೋಗಿ ಗೌಡ ದೇಶದ ಅರಸನ ಬಿಳಿ ಕೊಡೆಗಳನ್ನು ಕಸಿದು ತಂದನೆಂದು ಅವರ ತಾಮ್ರಪಟಗಳು ಹೆಮ್ಮೆಯಿಂದ ಸಾರುತ್ತವೆ. ಗಂಗೆಯ ತನಕ ಹೋದವನು ಕೊಡೆ ಹೊತ್ತು ತಂದದ್ದೇಕೆ ಎಂದು ಇತಿಹಾಸಕಾರರು ರಾಜಲಾಂಛನ ಮುಂತಾದ ಕಾರಣ ಹೇಳುತ್ತಾರೆ. ಪ್ರಸ್ತುತ ಸಂಶೋಧಕನ ಮತ ಬೇರೆ. ಧ್ರುವನ ಮೊಮ್ಮಗ ಅಮೋಘವರ್ಷ ನೃಪತುಂಗ ಆಳಿದ್ದು ಇದೇ ಸೇಡಂ ತಾಲ್ಲೂಕಿನ, ಕಾಗಿಣಾ ದಂಡೆಯ ಮಳಖೇಡದಿಂದ. ಮೊಮ್ಮಗನಿಗೆ ಎಂಥಾ ಊರು ಗಂಟುಬೀಳಲಿದೆಯೆಂದು ಅಜ್ಜನಿಗೆ ಮೊದಲೇ ಹೊಳೆದಿತ್ತು. ಅರಸರಿಗೆ ಹೀಗೆ ಕೊಡೆಯ ವ್ಯವಸ್ಥೆಯಾಯಿತು. ಪ್ರಜೆಗಳು ರುಮಾಲು ಸುತ್ತಿಕೊಂಡರು.

ಎರಡನೆಯ ಆಚಾರ್ಯ ವಿಜ್ಞಾನೇಶ್ವರ. ಶಹಾಬಾದ್ ಹತ್ತಿರದ ಮರತೂರು ಅವನ ಊರೆಂಬ ಹೆಮ್ಮೆ ಈ ಸೀಮೆಗಿದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದಾಗಲೇ ಹಕ್ಕು ಎಂದು ‘ಮಿತಾಕ್ಷರಾ’ದಲ್ಲಿ ವಾದಿಸಿ ದೇಶದ ನ್ಯಾಯಾಲಯಗಳಿಗೆ ಶತಮಾನಗಳ ಕೆಲಸ ಕೊಟ್ಟ ಮಹಾನುಭಾವ. ಆದರೆ ಬದುವಿನ ಬೇವಿನ ನೆರಳು ಮುಂಜಾನೆ ಅಣ್ಣನ ಹೊಲದಲ್ಲಿ, ಮಧ್ಯಾಹ್ನದ ಮೇಲೆ ತಮ್ಮನ ಹೊಲದಲ್ಲಿ ಬಿದ್ದರೆ ಪಾಲು ಹೇಗೆಂಬ ಪ್ರಶ್ನೆ ಈ ಸೀಮೆಯಲ್ಲಿ ಇಂದಿಗೂ ಕೊಡಲಿಯಿಂದಲೇ ಇತ್ಯರ್ಥವಾಗುತ್ತಿದೆ. ಗಿಡ ಕಡಿದರೆ ಇಬ್ಬರಿಗೂ ಸಮಪಾಲು ಬಿಸಿಲು.

ಆಧುನಿಕರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 1992ರಲ್ಲಿ ಸೂರ್ಯನ ವಿಕಿರಣವನ್ನು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಸೇರಿಸಿತು. ತಂಬಾಕು ಅದೇ ದರ್ಜೆಯಲ್ಲಿದೆ. ದರ್ಜೆ ಹೇಳುವುದು ಪುರಾವೆಯ ಗಟ್ಟಿತನವನ್ನು ಮಾತ್ರ, ಎರಡರ ಅಪಾಯ ಒಂದೇ ಅಳತೆಯದೆಂದಲ್ಲ. ಆದರೂ ತಂಬಾಕಿನ ಪಾಕೀಟಿನ ಮೇಲೆ ಎಚ್ಚರಿಕೆಯ ಚಿತ್ರ ಹಾಕಿಸಿದ ಇಲಾಖೆಗಳು ಸೂರ್ಯನ ವಿಷಯದಲ್ಲಿ ಅದನ್ನು ಎಲ್ಲಿ ಅಂಟಿಸಬೇಕೆಂದು ತಿಳಿಯದೆ ಕಡತ ಮುಚ್ಚಿದಂತೆ ಕಾಣುತ್ತದೆ.

3. ಉಪಕರಣಗಳು

ಈ ಅಧ್ಯಯನಕ್ಕೆ ಅನುದಾನ ಬರಲಿಲ್ಲವಾದ್ದರಿಂದ ಬಿಟ್ಟಿ ಉಪಕರಣವೊಂದನ್ನು ಬಳಸಲಾಗಿದೆ: ಸ್ವಂತ ನೆರಳು. ನಿಯಮ ಸರಳ. ನೆಲದ ಮೇಲಿನ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಚರ್ಮ ಸುಡುವ ಅತಿನೇರಳೆ ಕಿರಣ ಜೋರಾಗಿದೆ, ಮರೆಗೆ ಸರಿಯಿರಿ. ಉದ್ದವಾಗಿದ್ದರೆ ಅಷ್ಟು ಭಯವಿಲ್ಲ.

ಈಗ ಗಣಿತ. ಕೋಡ್ಲಾ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ 9ರ ಸುಮಾರಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ, ಮಧ್ಯಾಹ್ನ ಹನ್ನೆರಡೂ ಕಾಲರಿಂದ ಹನ್ನೆರಡೂವರೆಯ ನಡುವೆ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ನಿಂತವನ ನೆರಳು ಅವನ ಕಾಲಡಿಯಲ್ಲೇ ಅಡಗುತ್ತದೆ. ಕಷ್ಟಕಾಲಕ್ಕೆ ನೆರಳೂ ಕೈಬಿಡುತ್ತದೆಂಬ ಮಾತು ಬೇರೆ ಕಡೆ ವೇದಾಂತ, ಇಲ್ಲಿ ಖಗೋಳವಿಜ್ಞಾನ.

ಅದು ಬೇಸಿಗೆಯ ಮಾತಾಯಿತು, ಚಳಿಗಾಲದಲ್ಲಿ? ವರ್ಷದ ಅತಿ ಗಿಡ್ಡ ಹಗಲಾದ ಡಿಸೆಂಬರ್ 21ರಂದು ಐದೂವರೆ ಅಡಿ ಮನುಷ್ಯನ ನಡುಮಧ್ಯಾಹ್ನದ ನೆರಳು ಲಂಡನ್‌ನಲ್ಲಿ ಇಪ್ಪತ್ತು ಅಡಿ ಚಾಚುತ್ತದೆ. ಕೋಡ್ಲಾದಲ್ಲಿ ನಾಲ್ಕೂಮುಕ್ಕಾಲು ಅಡಿ ಮುಟ್ಟುವುದಿಲ್ಲ. ಅಂದರೆ ವರ್ಷದ 365 ದಿನದಲ್ಲಿ ಒಂದು ದಿನವೂ ಇಲ್ಲಿನ ಮಧ್ಯಾಹ್ನದ ನೆರಳು ಮನುಷ್ಯನ ಎತ್ತರಕ್ಕೆ ಬೆಳೆಯುವುದಿಲ್ಲ. ತೊಗರಿ ರಾಶಿಯ ಹಿತವಾದ ಚಳಿಯಲ್ಲೂ ಮಧ್ಯಾಹ್ನದ ಸೂರ್ಯ ತನ್ನ ಕೆಲಸ ಬಿಟ್ಟಿರುವುದಿಲ್ಲ. ಝಳ ಬೇರೆ, ಅತಿನೇರಳೆ ಬೇರೆ: ಝಳ ಮೈಗೆ ಗೊತ್ತಾಗುತ್ತದೆ, ಅತಿನೇರಳೆ ಗೊತ್ತಾಗುವುದಿಲ್ಲ. ತೆಳು ಮೋಡ ಅದರ ನೂರರಲ್ಲಿ 80 ಪಾಲನ್ನು ಒಳಗೆ ಬಿಟ್ಟೀತು. ಮೋಡ ನೋಡಿ ರುಮಾಲು ಬಿಚ್ಚಿದವರು ಈ ವಾಕ್ಯವನ್ನು ಎರಡು ಸಲ ಓದುವುದು.

4. ನೆರಳಿನ ವರ್ಗೀಕರಣ

(ಅ) ಸರ್ಕಾರಿ ನೆರಳು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲನ್ನು ರಾಜ್ಯ ಸರ್ಕಾರ ಲಿಖಿತವಾಗಿ ಒಪ್ಪಿಕೊಂಡ ಅಪರೂಪದ ದಾಖಲೆಯಿದು. ಆದರೆ ಒಂದೂವರೆಗೆ ಕಡತಗಳು ಫ್ಯಾನಿನ ಕೆಳಗೇ ಉಳಿಯುತ್ತವೆ, ನೌಕರನನ್ನು ಮಾತ್ರ ಕಡುಬಿಸಿಲಿಗೆ ರಸೀದಿಯಿಲ್ಲದೆ ಜಮಾ ಮಾಡಲಾಗುತ್ತದೆ. ನೆರಳು ಮಂಜೂರಾದದ್ದು ಯಾರಿಗೆಂಬುದು ಚರ್ಚಾಸ್ಪದ.

(ಆ) ಕಾನೂನಿನ ನೆರಳು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳಿಗೂ ವಿಶ್ರಾಂತಿಯ ಹೊತ್ತಿಗೂ ನೆರಳು ಇರಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಕಾಗದದ ಮೇಲಿನ ನೆರಳಿನ ವಿಶೇಷವೆಂದರೆ ಅದು ಎಂದೂ ಗಿಡ್ಡವಾಗುವುದಿಲ್ಲ, ಉದ್ದವೂ ಆಗುವುದಿಲ್ಲ.

(ಇ) ಚಲಿಸುವ ನೆರಳು. ಸೇಡಂ, ವಾಡಿ ಕಡೆಯ ಸಿಮೆಂಟ್ ಲಾರಿಗಳ ಕ್ಯಾಬಿನ್‌ನಲ್ಲಿ ಕಂಡುಬರುತ್ತದೆ. ಕಿಟಕಿಯ ಗಾಜು ಅತಿನೇರಳೆಯ ಬಿ ಕಿರಣ ತಡೆಯುತ್ತದೆ. ಚರ್ಮದಾಳಕ್ಕೆ ಇಳಿಯುವ ಎ ಕಿರಣವನ್ನು ಬಹುಪಾಲು ಬಿಟ್ಟುಕೊಡುತ್ತದೆ. 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು 28 ವರ್ಷ ಲಾರಿ ಓಡಿಸಿದವನ ಚಿತ್ರ ಅಚ್ಚುಹಾಕಿತು: ಕಿಟಕಿ ಕಡೆಯ ಎಡಗೆನ್ನೆ ಅಪ್ಪನದು, ಬಲಗೆನ್ನೆ ಮಗನದು. ನಮ್ಮಲ್ಲಿ ಸ್ಟಿಯರಿಂಗ್ ಬಲಗಡೆ ಇರುವುದರಿಂದ, ಗಾಜಿಳಿಸಿ ಮೊಣಕೈ ಹೊರಗಿಟ್ಟ ಚಾಲಕನ ಬಲಗೈಗೂ ಎಡಗೈಗೂ ಬೇರೆ ಬೇರೆ ಆಧಾರ್ ಕಾರ್ಡ್ ಕೊಡಬಹುದಾದಷ್ಟು ವ್ಯತ್ಯಾಸ.

(ಈ) ಖಣಿಯ ನೆರಳು. ಶಹಾಬಾದಿ ಫರ್ಸಿ ನಾಡಿನ ಎಷ್ಟೋ ಮನೆಗಳ ನೆಲವನ್ನು ತಣ್ಣಗಿಟ್ಟಿದೆ. ಮಧ್ಯಾಹ್ನ ಊಟ ಮುಗಿಸಿ ಫರ್ಸಿಯ ಮೇಲೆ ಬರಿಮೈಯಲ್ಲಿ ಹೊರಳಿದವರಿಗೆ ಆ ಸುಖ ಗೊತ್ತು. ಆ ತಂಪು ಹುಟ್ಟಿದ ಖಣಿಯಲ್ಲಿ ಮೇಲೆ ಸೂರ್ಯ, ಕೆಳಗೆ ಕಾದ ಸುಣ್ಣದಕಲ್ಲು, ನಡುವೆ ಕಲ್ಲು ಎಬ್ಬಿಸುವವನು. ಗುಂಡಿ ಆಳವಾದಷ್ಟೂ ಅದರ ಗೋಡೆ ನೆರಳು ಕೊಟ್ಟೀತೆಂದು ತರ್ಕಶಾಸ್ತ್ರ ಹೇಳುತ್ತದೆ. ಮಧ್ಯಾಹ್ನದ ಸೂರ್ಯ ತರ್ಕ ಓದಿಲ್ಲ.

(ಉ) ಹೆಣ್ಣುಮಕ್ಕಳ ನೆರಳು. ಇದು ಈ ಅಧ್ಯಯನದ ಪ್ರಮುಖ ಶೋಧ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಸೀರೆಯ ಮೇಲೆ ಗಂಡನ ಉದ್ದ ತೋಳಿನ ಅಂಗಿ ತೊಟ್ಟು, ತಲೆಗೆ ಸೆರಗು ಬಿಗಿದು, ಮೇಲೊಂದು ಟವೆಲ್ ಹೊದೆಯುತ್ತಾಳೆ. ಆಸ್ಟ್ರೇಲಿಯಾ ದೇಶ 1981ರಲ್ಲಿ ಅಂಗಿ ತೊಡಿ, ಕ್ರೀಮು ಹಚ್ಚಿ, ಟೊಪ್ಪಿಗೆ ಹಾಕಿ ಎಂದು ತನ್ನ ಜನಕ್ಕೆ ಹಾಡು ಕಟ್ಟಿ ಕಲಿಸಿದ ಪಾಠದಲ್ಲಿ ಮೂರರಲ್ಲಿ ಎರಡನ್ನು ಇವಳು ಹಾಡಿಲ್ಲದೆ ಮಾಡುತ್ತಿದ್ದಾಳೆ. “ಅಂಗಿ ಯಾಕವ್ವಾ?” ಎಂದು ಪ್ರಶ್ನಾವಳಿಯ ಪ್ರಕಾರ ಕೇಳಲಾಗಿ, “ಮೈ ಉರೀತದಲ್ರಿ, ಮತ್ತ? ನೀವು ಗಿಡದ ಬುಡಕ್ಕ ಕುಂತು ಕೇಳಿದ್ರ ಹ್ಯಾಂಗ ಗೊತ್ತಾಗ್ತದ?” ಎಂಬ ಉತ್ತರ ಬಂತು. ಉತ್ತರದ ದ್ವಿತೀಯಾರ್ಧ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಬಟ್ಟೆಗೂ ಶಾಸ್ತ್ರವಿದೆ. ತೆಳ್ಳಗಿನ ಬಿಳಿ ಹತ್ತಿಯ ರಕ್ಷಣಾಂಕ ಏಳರ ಆಸುಪಾಸು, ಬೆವರಲ್ಲಿ ಒದ್ದೆಯಾದರೆ ಇನ್ನೂ ಕಡಿಮೆ. ಗಾಢ ಬಣ್ಣದ, ದಟ್ಟ ನೇಯ್ಗೆಯ ಬಟ್ಟೆ ಹೆಚ್ಚು ಕಾಯುತ್ತದೆ. ಮುತ್ಯಾನ ರುಮಾಲು ಪದರ ಪದರವಾಗಿ ನೆತ್ತಿ ಕಾಯುತ್ತದೆ ನಿಜ. ಆದರೆ ಕಿವಿ, ಕತ್ತಿನ ಹಿಂಬದಿ, ಕೆಳತುಟಿ ಹೊರಗೇ ಉಳಿಯುತ್ತವೆ. ಬಿಸಿಲಿನ ಕ್ಯಾನ್ಸರ್‌ಗೆ ಪ್ರಿಯವಾದ ಜಾಗಗಳೂ ಅವೇ.

(ಊ) ಟ್ಯೂಬಿನ ನೆರಳು. ಸನ್‌ಸ್ಕ್ರೀನ್ ಎಂಬುದು ಹಚ್ಚಿಕೊಳ್ಳುವ ನೆರಳು. ಎಸ್‌ಪಿಎಫ್ 30 ಎಂದು ಬರೆದದ್ದು ಚರ್ಮ ಸುಡುವ ಕಿರಣದ ನೂರರಲ್ಲಿ 97 ಪಾಲು ತಡೆಯುತ್ತದೆ, 50 ಎಂದು ಬರೆದದ್ದು 98 ಪಾಲು. ಆ ಒಂದು ಪಾಲಿಗೆ ಜಾಹೀರಾತಿನವರು ಪಡುವ ಸಂಭ್ರಮ ಬೇರೆ ಪ್ರಬಂಧದ ವಿಷಯ. ಇಡೀ ಮೈಗೆ ಅಳತೆಯಂತೆ ಹಚ್ಚಲು ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಒಳ್ಳೆಯ ಟ್ಯೂಬಿನ ಬೆಲೆ ಒಂದು ದಿನದ ಕೂಲಿಯ ಹತ್ತಿರ. ಖಣಿಯ ಕೆಲಸಗಾರ ಕ್ರಮಬದ್ಧವಾಗಿ ಹಚ್ಚಿಕೊಂಡರೆ ಚರ್ಮ ಉಳಿದೀತು, ಉಪವಾಸ ಗ್ಯಾರಂಟಿ.

5. ಪೂರ್ವಪಕ್ಷ ಮತ್ತು ಖಂಡನೆ

ಕಟ್ಟೆಯ ಮೇಲಿನ ಮುತ್ಯಾ ಮಂಡಿಸಿದ ಪೂರ್ವಪಕ್ಷ ಹೀಗಿದೆ: “ಬಿಸಲಾಗ ಹುಟ್ಟಿ ಬಿಸಲಾಗ ಬೆಳದ ಚರ್ಮ ಅದರಿ ಇದು. ಇದಕ್ಕೇನಾಗ್ತದ?”

ವಾದದಲ್ಲಿ ಸತ್ವವಿದೆ. ಕಪ್ಪು ಮೈಬಣ್ಣ ವಿಜ್ಞಾನೇಶ್ವರನ ಮತದಂತೆ ಹುಟ್ಟಿನಿಂದಲೇ ಬರುವ ಆಸ್ತಿ, ಪಾಲಾಗದ ಆಸ್ತಿ. 1979ರ ಅಮೆರಿಕದ ಅಧ್ಯಯನವೊಂದು ಕಪ್ಪು ಚರ್ಮದ ಹೊರಪದರದ ರಕ್ಷಣೆ ಸುಮಾರು 13ರಷ್ಟು, ಬಿಳಿ ಚರ್ಮದ್ದು 3ರಷ್ಟು ಎಂದು ಅಳೆಯಿತು. ಭಾರತದಲ್ಲಿ ಚರ್ಮದ ಕ್ಯಾನ್ಸರ್ ಒಟ್ಟು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ಆಸ್ಟ್ರೇಲಿಯಾದಲ್ಲಾದರೆ ಎಪ್ಪತ್ತು ವಯಸ್ಸಿನೊಳಗೆ ಮೂವರಲ್ಲಿ ಇಬ್ಬರಿಗೆ ಅದು ಬರುವ ಲೆಕ್ಕವಿದೆ. ಆದ್ದರಿಂದ ಮುತ್ಯಾನನ್ನು ಹೆದರಿಸುವುದು ಈ ಪ್ರಬಂಧದ ಉದ್ದೇಶವಲ್ಲ.

ಆದರೆ ಹದಿಮೂರು ಎಂದರೆ ಅನಂತವಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದವರ ವಿಷಯದಲ್ಲಿ ಲೆಕ್ಕ ಬೇರೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ, 2019ರಲ್ಲಿ 160 ಕೋಟಿ ಜನ ಬಯಲಲ್ಲಿ ದುಡಿಯುತ್ತ ಅತಿನೇರಳೆಗೆ ಮೈಯೊಡ್ಡಿದ್ದರು. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನಿಂದಾದ ಮೂರು ಸಾವುಗಳಲ್ಲಿ ಹತ್ತಿರ ಹತ್ತಿರ ಒಂದಕ್ಕೆ ಬಿಸಿಲಿನ ದುಡಿಮೆಯೇ ಕಾರಣ. ಕಣ್ಣಿನ ಪೊರೆಗೂ ಅತಿನೇರಳೆಯ ಪಾಲಿದೆ. ಕಣ್ಣಿಗೆ ಕಪ್ಪು ಬಣ್ಣದ ಪಿತ್ರಾರ್ಜಿತ ದಕ್ಕುವುದಿಲ್ಲ. ಹುಟ್ಟಿನಿಂದಲೇ ಮೈಬಣ್ಣ ಇಲ್ಲದ ಮಕ್ಕಳಿಗಂತೂ ಈ ಸೀಮೆಯ ಮಧ್ಯಾಹ್ನ ನೇರ ಶತ್ರು. ಅಂಥ ಮಗುವಿಗೆ ಶಾಲೆಯ ಕವಾಯತಿನ ಹೊತ್ತು ಬದಲಿಸುವುದು ಉಪಕಾರವಲ್ಲ, ಚಿಕಿತ್ಸೆ.

ಸೂರ್ಯನ ಪರ ವಕೀಲರಿಗೂ ಒಂದು ಅವಕಾಶ ಕೊಡೋಣ. ಬಿಸಿಲಿಲ್ಲದೆ ವಿಟಮಿನ್ ಡಿ ಹೇಗೆ ಎನ್ನುತ್ತಾರೆ. ಅದಕ್ಕೆ ಕೈಕಾಲಿನ ಮೇಲೆ ಕೊಂಚ ಹೊತ್ತಿನ ಬಿಸಿಲು ಸಾಕು, ಖಣಿಯಲ್ಲಿ ಎಂಟು ತಾಸು ಬೇಕಿಲ್ಲ. ಇನ್ನು ಎಲ್ಲ ಪಾಪವನ್ನೂ ಸೂರ್ಯನ ತಲೆಗೆ ಕಟ್ಟುವುದೂ ಸಲ್ಲ. ಮುಂಬಯಿಯ ವಿ. ಆರ್. ಖಾನೋಲ್ಕರ್ 1945ರಲ್ಲಿ ದಾಖಲಿಸಿದ್ದು ಧೋತರದ ಕ್ಯಾನ್ಸರ್: ಬಿಗಿದು ಕಟ್ಟಿದ ಧೋತರ ವರ್ಷಗಟ್ಟಲೆ ತಿಕ್ಕಿದ ಸೊಂಟದ ಜಾಗದಲ್ಲಿ ಹುಟ್ಟುವಂಥದ್ದು. ಹಳೆಯ ಸುಟ್ಟಗಾಯದ ಕಲೆಯಲ್ಲೂ ಚರ್ಮದ ಕ್ಯಾನ್ಸರ್ ಮೊಳೆಯಬಹುದು. ಕಪ್ಪು ಮೈಯವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಅದು ಬಿಸಿಲಿನ ಕೆಲಸವಲ್ಲ. 1981ರಲ್ಲಿ 36ನೆಯ ವಯಸ್ಸಿಗೆ ತೀರಿಹೋದ ಗಾಯಕ ಬಾಬ್ ಮಾರ್ಲಿಗೆ ರೋಗ ಶುರುವಾದದ್ದು ಕಾಲ್ಬೆರಳ ಉಗುರಿನಡಿಯಲ್ಲಿ. ಇಂಥದ್ದಕ್ಕೆ ಯಾವ ಕೊಡೆಯೂ ಉಪಯೋಗವಿಲ್ಲ, ನೋಡುವ ಕಣ್ಣು ಬೇಕು.

ಇಲ್ಲಿಯೇ ಈ ಸೀಮೆಯ ನಿಜವಾದ ವಿರೋಧಾಭಾಸ ಕಾಣುವುದು. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಕಪ್ಪು ಬಣ್ಣ ಐದು ಮಾರು ದೂರದಿಂದ ಕಾಣುತ್ತದೆ. ಅವಳ ಅಪ್ಪನ ಅಂಗಾಲಿನ ಕಪ್ಪು ಮಚ್ಚೆ, ಅಜ್ಜನ ತುಟಿಯ ಹುಣ್ಣು ಒಂದೇ ಮನೆಯಲ್ಲಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. “ಗಾಯ ಅದ, ಮಾಯ್ತದ ಬಿಡ್ರಿ” ಎಂಬ ನಾಲ್ಕು ಮಾತಿನಲ್ಲಿ ಎಷ್ಟೋ ತಿಂಗಳು ಕಳೆಯುತ್ತವೆ. ಕಪ್ಪು ಚರ್ಮದವರಿಗೆ ಈ ರೋಗ ಬರುವುದು ಕಡಿಮೆ, ಬಂದರೆ ಪತ್ತೆಯಾಗುವುದು ತಡ. ತಡವಾದದ್ದೇ ಕೊಲ್ಲುತ್ತದೆ.

6. ಫಲಿತಾಂಶ ಮತ್ತು ಶಿಫಾರಸುಗಳು

ಪ್ರಾಕ್ಕಲ್ಪನೆ ಸಾಬೀತಾಗಿದೆ. ರಾಷ್ಟ್ರಕೂಟರ ಕಾಲದಿಂದಲೂ ನೆರಳು ಮೇಲಿನಿಂದ ಕೆಳಕ್ಕೆ ಹಂಚಿಕೆಯಾಗುತ್ತ ಬಂದಿದೆ, ಖಣಿ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ:

ಒಂದು, ಒಂದು ತಿಂಗಳಾದರೂ ಮಾಯದ ಗಾಯ, ರಕ್ತ ಒಸರುವ ಗಂಟು, ಬೆಳೆಯುವ ಅಥವಾ ಬಣ್ಣ ಬದಲಿಸುವ ಮಚ್ಚೆ, ಉಗುರಿನಡಿಯ ಕಪ್ಪು ಗೆರೆ ಕಂಡರೆ ಮುಲಾಮು ಬದಲಿಸುವ ಬದಲು ಡಾಕ್ಟರಿಗೆ ತೋರಿಸುವುದು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಕಾಯಬೇಕಿಲ್ಲ.

ಎರಡು, ಗಂಡಸರು ಹೆಂಡಂದಿರಿಂದ ಅಂಗಿ ಹಾಕಿಕೊಳ್ಳುವುದನ್ನು ಕಲಿಯುವುದು. ಅಂಗಿ ಹೇಗಿದ್ದರೂ ಅವರದೇ.

ಮೂರು, ಬಯಲ ಕೆಲಸವನ್ನು ನೆರಳು ಮನುಷ್ಯನಿಗಿಂತ ಉದ್ದವಿರುವ ಹೊತ್ತಿಗೆ ಸರಿಸುವುದು. ಕಚೇರಿಯ ಗಡಿಯಾರ ತಿರುಗಿಸಲು ಬಂದ ಸರ್ಕಾರಕ್ಕೆ ಖಣಿಯ ಗಡಿಯಾರವೂ ಬಂದೀತು.

ನಾಲ್ಕು, ಪ್ರತಿ ಖಣಿಗೂ ಪ್ರತಿ ಕಾಮಗಾರಿಗೂ ನಾಲ್ಕು ಗಳ, ಒಂದು ತಾಡಪತ್ರಿ, ಒಂದು ಕೊಡ ನೀರು. ಇದರ ಸಾಧ್ಯಾಸಾಧ್ಯತೆ ಪರಿಶೀಲಿಸಲು ಸಮಿತಿ ಬೇಕೆನಿಸಿದರೆ ಧಾರಾಳವಾಗಿ ರಚಿಸಬಹುದು. ಷರತ್ತು ಒಂದೇ: ಸಮಿತಿಯ ಮೊದಲ ಸಭೆ ಮೇ 9ರಂದು, ಮಧ್ಯಾಹ್ನ ಹನ್ನೆರಡೂ ಕಾಲಿಗೆ, ಫರ್ಸಿ ಖಣಿಯ ನಟ್ಟನಡುವೆ, ಶಾಮಿಯಾನ ಇಲ್ಲದೆ ಸೇರತಕ್ಕದ್ದು. ಎರಡನೆಯ ಸಭೆಯ ಅಗತ್ಯ ಬೀಳುವುದಿಲ್ಲ.