ಬಿಲ್ ಇಲ್ಲದ ನಂಬಿಕಿ

(ಶಲವಡಿ ಗ್ರಾಮ. ಹೆಸರು ಬಿತ್ತುವ ಹದ. ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್ ನಿಂತಿದೆ. ನಿಲ್ಲುವುದೊಂದೇ ಅದಕ್ಕೀಗ ಚೆನ್ನಾಗಿ ಬರುವ ಕೆಲಸ.)

ರೈತ: ತಮ್ಮಾ, ಹೊಸಾ ಕ್ಲಚ್ ಪ್ಲೇಟ್ ಹಾಕೇನಿ ಅಂದಿ. ಎರಡ ಸುತ್ತಿಗೆ ಹೊಗಿ ಬಂತಲ್ಲೋ!

ಮಿಸ್ತ್ರಿ: ಎರಿ ಹೊಲಾ ಭಾಳ ಜಿಗಟ ಕಾಕಾ. ಭೂಮಿದು ತಪ್ಪು.

ರೈತ: ಬಿಚ್ಚಿ ನೋಡಿದ್ರ ಹಳೇ ಪ್ಲೇಟ ಐತಿ.

ಮಿಸ್ತ್ರಿ: ಹಳೇದ ಗಟ್ಟಿ. ನಿಮ್ಮನ್ನ ನೋಡ್ರಿ.

ರೈತ: ಬಿಲ್ ಕೊಡು.

ಮಿಸ್ತ್ರಿ: ನಮ್ಮ ನಡುವ ನಂಬಿಕಿ ಇಲ್ಲೇನ್ರಿ?

ರೈತ: ನಂಬಿಕಿ ಐತಿ, ಬಿಲ್ ಇಲ್ಲ. ಬಿಲ್ ಕೊಡದ ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆದಾಗ ಅನುಚಿತ ವ್ಯಾಪಾರ. ಧಾರವಾಡದ ಗ್ರಾಹಕ ಆಯೋಗಕ್ಕ ಹೊಂಟೇನಿ.

ಮಿಸ್ತ್ರಿ: ವಕೀಲರ ಫೀಗೆ ಹೊಲಾನ ಮಾರಬೇಕಾಗತೈತಿ!

ರೈತ: ವಕೀಲರು ಬೇಕ ಅಂತಿಲ್ಲ, ನಾನ ವಾದಾ ಮಾಡಬಹುದು. ಕೊಟ್ಟ ರೊಕ್ಕ 5 ಲಕ್ಷದೊಳಗ ಇದ್ರ ಆಯೋಗದ ಫೀನೂ ಇಲ್ಲ. ದೂರು ಕೊಡಾಕ 2 ವರ್ಷ ಟೈಮ್ ಐತಿ.

ಮಿಸ್ತ್ರಿ: (ಖುಷಿಯಿಂದ) 2 ವರ್ಷಾನ? ಹಂಗಾರ ಇನ್ನೊಮ್ಮೆ ಬಿಟ್ಟು ಹೋಗ್ರಿ, ಅಷ್ಟ್ರೊಳಗ ಮಾಡಿಕೊಡತೇನಿ.

(ಬಿತ್ತುವ ಹದ ಮಾತ್ರ ಯಾವ ಕಾಯ್ದೆಗೂ ಕಾಯುವುದಿಲ್ಲ. ರೈತ ಬಾಡಿಗೆ ಟ್ರ್ಯಾಕ್ಟರ್ ಹುಡುಕುತ್ತಲೇ 1915 ಗ್ರಾಹಕ ಸಹಾಯವಾಣಿಗೆ ಫೋನ್ ಹಚ್ಚುತ್ತಾನೆ.)

ಓದುಗರೇ, ರಿಪೇರಿ ಮುಗಿದ ಕೂಡಲೇ ಬಿಲ್ ಇಸಕೊಳ್ಳಿ, ಬಿಚ್ಚಿದ ಹಳೆಯ ಸಾಮಾನನ್ನೂ ಇಸಕೊಳ್ಳಿ.