ಗೆಡ್ಡೆ ಸಾಕುವ ಗೃಹಸ್ಥ

ಗಾಜಿನ ತೊಟ್ಟಿಯಲ್ಲಿ ಮೀನಿನ ಬದಲು ಗೆಡ್ಡೆ ಸಾಕುವ ಗೃಹಸ್ಥರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಮೀನುಗಳು ಒಂದೊಂದಾಗಿ ತೀರಿಕೊಂಡ ಮೇಲೆ ದುಡ್ಡು ಕೊಟ್ಟು ತಂದ ಟ್ಯಾಂಕು ಖಾಲಿ ಕೂರಬಾರದಲ್ಲ. ಹವ್ಯಾಸ ಹುಟ್ಟುವುದು ಹೆಚ್ಚಾಗಿ ಹೀಗೆಯೇ.

ಭಾನುವಾರ ತರಕಾರಿಗೆ ಹೋದವರು ಬಾಡಿದ ಕೆಸುವಿನ ಗೆಡ್ಡೆಯಂಥದ್ದೊಂದನ್ನು ತಂದು, ಇದು ಅಪೊನೊಜೆಟಾನ್ ಕ್ರಿಸ್ಪಸ್ ಎಂಬ ನೀರುಗಿಡ, ಮೂಲ ಶ್ರೀಲಂಕಾ ಎಂದು ಮನೆಯವರಿಗೆ ಪರಿಚಯಿಸುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಮನೆಯ ಬಕೆಟ್ಟುಗಳೆಲ್ಲ ರಾತ್ರಿಯಿಡೀ ತುಂಬಿ ನಿಲ್ಲುತ್ತವೆ. ಬೆಳಗ್ಗೆ ಸ್ನಾನಕ್ಕೆ ಹೊರಟವರು ಕಾಯಬೇಕು.

ಗೆಡ್ಡೆಯನ್ನು ಮರಳಿಗೆ ಒತ್ತಿ, ಮೊಳಕೆಯ ತಲೆ ಮೇಲಿರುವಂತೆ ಬಿಟ್ಟರೆ ಸಾಕು. ಪೂರ್ತಿ ಹೂತರೆ ಕೊಳೆಯುವ ಭಯವುಂಟು. ಹೊಸಬ ಪೂರ್ತಿ ಹೂಳುತ್ತಾನೆ. ಮೊಳೆಯಿತೋ ಇಲ್ಲವೋ ಎಂದು ದಿನಾ ಕೆದಕಿಯೂ ನೋಡುತ್ತಾನೆ. ನೀರು ಬೆಳ್ಳಗಾಗಿ ಹಾಲ್‌ನಲ್ಲಿ ನಾತ ಹೊಡೆದಾಗ ಅಂಗಡಿಯವನು ಮೋಸ ಮಾಡಿದನೆಂದು ತೀರ್ಮಾನವಾಗುತ್ತದೆ.

ಉಳಿದ ಗೆಡ್ಡೆ ಚಿಗುರುವ ವೇಗ ನಿಜಕ್ಕೂ ಬೆರಗಿನದು. ತಾನೇ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಮೊದಲ ಎಲೆಗಳನ್ನು ಹೊರಡಿಸುತ್ತದೆ. ಕೀರ್ತಿ ಮಾತ್ರ ಗೊಬ್ಬರದ ಗುಳಿಗೆಗೂ ಅದನ್ನು ಹೂತ ಕೈಗೂ ಸಲ್ಲುತ್ತದೆ.

ಈ ಗೃಹಸ್ಥನ ನಿಜವಾದ ಶತ್ರು ಅತಿಥಿ. ಕಾಫಿ ಲೋಟ ಹಿಡಿದು ಟ್ಯಾಂಕಿನೊಳಗೆ ಇಣುಕಿ, “ಮೀನು ಎಲ್ಲಿ ಸಾರ್?” ಎನ್ನುತ್ತಾನೆ. ಉತ್ತರವಾಗಿ ಟ್ಯಾಂಕಿನಲ್ಲೇ ಇರುವ ಮಡಗಾಸ್ಕರಿನ ಜಾಲರಿ ಗಿಡದ ಮೇಲೆ ಉಪನ್ಯಾಸ ಶುರುವಾಗುತ್ತದೆ: ನರಗಳ ನಡುವೆ ಎಲೆಯೇ ಇಲ್ಲ, ಬರೀ ತೂತು, ಇಂಥದ್ದು ಬೆಳೆಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅತಿಥಿ ಎಲ್ಲವನ್ನೂ ಕೇಳಿ, ಕನಿಕರದಿಂದ, “ಪೂರ್ತಿ ಹುಳ ತಿಂದಿದೆಯಲ್ಲ, ಬೇವಿನೆಣ್ಣೆ ಹೊಡೀರಿ” ಎಂದು ಸಲಹೆ ಕೊಟ್ಟು ಹೋಗುತ್ತಾನೆ.

ಕೆಲವು ತಿಂಗಳಾದ ಮೇಲೆ ಅಪೊನೊಜೆಟಾನ್ ಎಲೆಯುದುರಿಸಿ ಮಲಗುವುದುಂಟು. ಸತ್ತಿತೆಂದು ಎಸೆಯುವವರೇ ಹೆಚ್ಚು. ಪಳಗಿದವರು ಗೆಡ್ಡೆ ತೆಗೆದು, ಒದ್ದೆ ಮರಳಿನ ಡಬ್ಬಿಯಲ್ಲಿ ತಂಪಾದ ಜಾಗಕ್ಕೆ ಸೇರಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ತಂಪು ಜಾಗವೆಂದರೆ ಫ್ರಿಜ್ಜಿನ ತರಕಾರಿ ಟ್ರೇ. ಒಂದು ಬೆಳಗ್ಗೆ ಅಡುಗೆಮನೆಯಿಂದ, “ರೀ, ಇದು ಹುಳಿಗೆ ಹಾಕೋದಾ?” ಎಂಬ ಕೂಗು ಬರುತ್ತದೆ. ಯಜಮಾನರು ಓಡುತ್ತಾರೆ. ಪ್ರಶ್ನೆ ಅಸಂಬದ್ಧವೇನಲ್ಲ: ಇದೇ ಕುಲದ ಇನ್ನೊಂದು ಗಿಡದ ಹೂವನ್ನು ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯವರು ಕುರಿಮಾಂಸದ ಜೊತೆ ಬೇಯಿಸಿ ಉಣ್ಣುತ್ತಾರೆ.