ನಾಡಿ ಆಮೇಲೆ, ಮೊದಲು ನುಡಿ ತೋರಿಸಿ

ಕಾಗವಾಡದ ಅಜ್ಜನಿಗೆ ಎದೆ ಹಿಡಿದರೆ ಮನೆಯವರು ಗಡಿ ನಕಾಶೆ ಹುಡುಕುವುದಿಲ್ಲ, ಜೀಪು ಹುಡುಕುತ್ತಾರೆ. ‘ಮಿರಜಿಗೆ ಹೊಡಿ’ ಎಂದರೆ ಸಾಕು, ಡ್ರೈವರನಿಗೆ ಉಳಿದದ್ದು ಗೊತ್ತು. ಮಿಶನ್ ಡಾಕ್ಟರ್ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಅಥಣಿ, ರಾಯಬಾಗದ ಸೀಮೆಗೆ ದೊಡ್ಡ ದವಾಖಾನಿ ಎಂದರೆ ಗಡಿಯಾಚೆ ಮಹಾರಾಷ್ಟ್ರದ ಮಿರಜ್. ನಮ್ಮದೇ ಜಿಲ್ಲಾಸ್ಪತ್ರೆಯೂ ಉಂಟು, ಬೆಳಗಾವಿಯಲ್ಲಿ. ಅಥಣಿಯಿಂದ ನೂರು ಕಿಲೋಮೀಟರಿಗೂ ದೂರ. ಅಷ್ಟು ದಾರಿ ತಾಳುವ ಗುಂಡಿಗೆ ಇದ್ದವನಿಗೆ ಆಸ್ಪತ್ರೆ ಯಾಕೆ ಬೇಕು?

ದೂರ ತಗ್ಗಲಿ, ಚಿಕ್ಕೋಡಿಯನ್ನು ಜಿಲ್ಲೆ ಮಾಡಿ ಎಂದರು ಜನ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿಯೂ ಬಿಟ್ಟಿತು. ಜಿಲ್ಲೆ ಒಡೆದರೆ ಬೆಳಗಾವಿಯಲ್ಲಿ ಕನ್ನಡದ ಬಲ ಕುಗ್ಗುತ್ತದೆಂದು ಕೂಗೆದ್ದಿತು, ಘೋಷಣೆ ವಾಪಸಾಯಿತು. ಆಮೇಲೆ ಇಲ್ಲಿನ ರೋಗಿಗಳು ಬಸ್ಸಿನ ಕಿಟಕಿಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ನಾಡು ಕಾದರು. ರಾಜ್ಯೋತ್ಸವ ಪ್ರಶಸ್ತಿಗೆ ಮಾತ್ರ ಯಾರೂ ಇವರ ಹೆಸರು ಸೂಚಿಸಲಿಲ್ಲ.

ಆಚೆ ಕಡೆಯವರ ಪ್ರೀತಿಯೇನು ಕಮ್ಮಿಯೇ? ಗಡಿಯ ಈಚೆಗಿನ ಊರುಗಳು ತಮಗೆ ಬೇಕೆಂದು 2004ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದ ಮಹಾರಾಷ್ಟ್ರಕ್ಕೆ, ಆ ಊರುಗಳಲ್ಲಿ ಜನರೂ ಇದ್ದಾರೆ, ಅವರಿಗೆ ಕಾಯಿಲೆಯೂ ಬರುತ್ತದೆ ಎಂಬುದು 2023ರಲ್ಲಿ ಹೊಳೆಯಿತು. ಜ್ಯೋತಿಬಾ ಫುಲೆ ಹೆಸರಿನ ಜನ ಆರೋಗ್ಯ ಯೋಜನೆಯನ್ನು 865 ಊರುಗಳಿಗೆ ಚಾಚಿ, 54 ಕೋಟಿ ರೂಪಾಯಿ ತೆಗೆದಿಟ್ಟಿತು. ಬೇಕಾದವರು ‘ನಾನು ಮರಾಠಿ ಭಾಷಿಕ’ ಎಂದು ಬರೆದುಕೊಡಬೇಕಿತ್ತು, ಅಷ್ಟೆ. ಈಚೆಯವರು ಕೆಂಡವಾದರು, 2024ರ ಆರಂಭದಲ್ಲಿ ಅರ್ಜಿ ಬರೆಸಿಕೊಳ್ಳುವ ಕೇಂದ್ರಗಳಿಗೆ ಬೀಗ ಬಿತ್ತು. ನಮ್ಮಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇಲ್ಲವೇ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ? ಇದೆ. ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ದವಾಖಾನಿಯ ರೆಫರಲ್ ಚೀಟಿ ತರಬೇಕು. ಚೀಟಿ ಬರೆಯುವ ಡಾಕ್ಟರು ಅಂದು ಮೀಟಿಂಗಿಗೆ ಹೋಗಿರಬಾರದು ಎಂಬುದು ಯೋಜನೆಯಲ್ಲಿ ಬರೆಯದ ಷರತ್ತು.

ಮುಂದೆ ನರಳಿಕೆಗೂ ಕೌಂಟರು ಬೇರೆಯಾದೀತು: ‘ಯವ್ವಾ’ ಎಂದವರು ಎಡಕ್ಕೆ, ‘ಆಯಿ ಗಂ’ ಎಂದವರು ಬಲಕ್ಕೆ. ಪೇಚಿಗೆ ಬೀಳುವವಳು ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕ. ಅವಳು ಮಗನನ್ನು ಬೈಯುವುದು ಮರಾಠಿಯಲ್ಲಿ, ಸಂತೆಯಲ್ಲಿ ಚೌಕಾಶಿ ಕನ್ನಡದಲ್ಲಿ, ಕೆಮ್ಮುವುದು ಬರೀ ತಂಬಾಕಿನ ಧೂಳಿನಲ್ಲಿ.

‘ಅಕ್ಕಾ, ನೀವು ಕನ್ನಡದವ್ರೋ, ಮರಾಠಿಯವ್ರೋ?’

‘ತಡೀ ತಮ್ಮಾ, ಉಸುರು ಬರ್ಲಿ. ಆಮ್ಯಾಲ ಹೇಳ್ತೀನಿ.’